ಪೈಲಾ ನೀರು

ಅವರಿಗೆ ಹುಬ್ಬುಗಳಿರಲಿಲ್ಲ. ಹಣೆ ಯಾವ ಅಡ್ಡಿಯೂ ಇಲ್ಲದೆ ನೇರವಾಗಿ ಕಣ್ಣಿನ ಗುಳಿಗೆ ಇಳಿದುಬಿಡುತ್ತಿತ್ತು. ಹುಬ್ಬಿರಬೇಕಾದ ಜಾಗದಲ್ಲಿ ನುಣ್ಣನೆಯ, ತುಸು ಹೊಳೆಯುವ ಚರ್ಮ. ಬೀದರಿನ ಪಕ್ಕದ ಕೊಳಾರದ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಹದಿನೇಳು ವರ್ಷ ಉಕ್ಕಿನ ಬಿಡಿಭಾಗ ಕಾಸುವ ಭಟ್ಟಿಯ ಬಾಗಿಲು ತೆರೆದು ಮುಚ್ಚಿ ಹುಬ್ಬು ಸುಟ್ಟುಕೊಂಡಿದ್ದರು. ಮೊದಲ ಸಲ ನೋಡಿದವರು ತಡೆಯಲಾರದೆ ಕೇಳಿಯೇ ಬಿಡುತ್ತಿದ್ದರು. ನಾನೂ ಕೇಳಿದ್ದೆ. "ಪೈಲಾ ಪೈಲಾ ಸುಟ್ರೂ ಮತ್ತ ಬರ್ತಿದ್ವುರಿ. ಆಮ್ಯಾಲ ಅವಕ್ಕೂ ಬ್ಯಾಸರಾತು, ಬರೂದೇ ಬಿಟ್ವು" ಎಂದು ಹೇಳಿ, ಗ್ಯಾಸ್ ಸಿಲಿಂಡರಿನ ಕೀಲಿ ತರಲು ಹೋದರು.

ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಬೀದರಿನಲ್ಲಿ ನಾನು ಪಿಎಚ್‌ಡಿ ಮಾಡಿದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಟೆಂಡರ್. ಅದೂ ಕಾಯಂ ಅಲ್ಲ, ಪ್ರಾಜೆಕ್ಟ್ ಇರುವಷ್ಟು ದಿನ. ಊರು ಔರಾದ ಕಡೆಯ ಒಂದು ಹಳ್ಳಿ, ಕುರಿ ಸಾಕುವ ಮನೆತನ. ಅಂಕಿಗಳನ್ನು ಬಿಟ್ಟು ಬೇರೇನೂ ಓದಲು ಬರುತ್ತಿರಲಿಲ್ಲ. ಅಂಕಿಯನ್ನು ಭಟ್ಟಿಯ ಮೀಟರಿನ ಮೇಲೆ ಕಲಿತಿದ್ದರು.

ನಾನು ಭಾಲ್ಕಿ ತಾಲ್ಲೂಕಿನ ಮೆಹಕರದವಳು. ನಮ್ಮ ಪಡಸಾಲೆಯಲ್ಲಿ ಬುದ್ಧನ ಪಟವಿದೆ. ಅದರ ಮುಂದೆ ದಿನಾ ಮುಂಜಾನೆ ಅಪ್ಪ ನಮ್ಮನ್ನು ಸಾಲಾಗಿ ಕೂರಿಸಿ ಪಂಚಶೀಲ ಹೇಳಿಸುತ್ತಿದ್ದ. ಅದರಲ್ಲಿ ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಸಾವಿರ ಸಲವಾದರೂ ಹೇಳಿದ್ದೇನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದು ನನಗೆ ಶೋಭೆ ತರುವ ಕಥೆಯಲ್ಲ.

ನಮ್ಮ ಕೆಲಸ ಏನೆಂದು ಕಾಕಾ ಮೊದಲ ವಾರವೇ ಕೇಳಿದ್ದರು. "ಭಟ್ಯಾಗ ಏನ್ ಬೇಸ್ಲತ್ತೇವಿ ಅಂತ ಗೊತ್ತಿಲ್ದ ಬೇಸಾಕ ನನಗ ಆಗೂದಿಲ್ರಿ ಅವ್ವಾ." ಒಬ್ಬ ಪ್ರೊಫೆಸರಿಗೆ ಹೇಳಿದ್ದಕ್ಕಿಂತ ಚೆನ್ನಾಗಿ ಅವರಿಗೆ ಹೇಳಿದೆ ಎಂದು ಈಗಲೂ ಅನ್ನಿಸುತ್ತದೆ. ಜಲಜನಕದಿಂದ ಕರೆಂಟು ಮಾಡುವ ಇಂಧನಕೋಶಕ್ಕೆ ಪ್ಲಾಟಿನಮ್ ಬೇಕು. ಅದು ಬಂಗಾರಕ್ಕಿಂತ ಅಪರೂಪದ್ದು. ಅದಕ್ಕೇ ಅರ್ಧ ಪ್ಲಾಟಿನಮ್, ಅರ್ಧ ಕೋಬಾಲ್ಟ್ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಇಂಗಾಲದ ಪುಡಿಯ ಮೇಲೆ ಕೂರಿಸುತ್ತೇವೆ. ಸುಮ್ಮನೆ ಬೆರೆತರೆ ಪ್ರಯೋಜನವಿಲ್ಲ, ಕೋಬಾಲ್ಟ್ ಸ್ವಲ್ಪ ದಿನದಲ್ಲೇ ಆಮ್ಲದಲ್ಲಿ ಕರಗಿ ಸೋರಿಹೋಗುತ್ತದೆ. ಹದವಾಗಿ ಕಾಸಿದರೆ ಎರಡೂ ಲೋಹಗಳ ಪರಮಾಣುಗಳು ಒಂದು ಸಾಲು ಅದು, ಒಂದು ಸಾಲು ಇದು ಎಂದು ಪಂಕ್ತಿ ಹಿಡಿದು ನಿಲ್ಲುತ್ತವೆ. ಹಾಗೆ ನಿಂತರೆ ಕೋಬಾಲ್ಟ್ ಜಾಗ ಬಿಟ್ಟು ಕದಲುವುದಿಲ್ಲ.

ಕಾಕಾ ಬೀಡಿ ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು. ಲ್ಯಾಬಿನೊಳಗೆ ಅವರ ಬೀಡಿಯ ಜಾಗ ಅದೇ. "ತಿಳೀತು ಬಿಡ್ರಿ. ಸಂಜಿಗಿ ಕುರಿ ದಡ್ಡಿಗಿ ಹೊಡಿಯೂ ಮುಂದ ಗಡಬಡ ಮಾಡಿದ್ರ ಮರಿ ಒಂದ್ ಕಡಿ, ತಾಯಿ ಒಂದ್ ಕಡಿ. ಸುಮ್ನ ಬಾಗಲದಾಗ ನಿಂತ್ರ ತಮ್ಮ ತಮ್ಮ ಜಾಗಾ ತಾವೇ ಹಿಡಿತಾವ. ಇದೂ ಹಂಗೇ ಅಲ್ರೇನು?"

ಹಾಗೇ ಇತ್ತು. ನನ್ನ ಗೈಡು ಸರ್ ಬಿಳಿ ಹಲಗೆಯ ತುಂಬ ಬರೆದು ಹೇಳಿದ್ದೂ ಇದನ್ನೇ.

ಕ್ರಮ ಬಂತೋ ಇಲ್ಲವೋ ನೋಡಲು ಪುಡಿಯನ್ನು ಕ್ಷಕಿರಣದ ಯಂತ್ರಕ್ಕೆ ಕಳಿಸಬೇಕಿತ್ತು. ನಕ್ಷೆಯ ಎಡಗಡೆ ಎರಡು ಸಣ್ಣ ಏರುಗಳು ಎದ್ದಿದ್ದರೆ ಪರಮಾಣುಗಳು ಸಾಲು ಹಿಡಿದಿವೆ ಎಂದರ್ಥ. ಕಾಕಾ ಆ ಏರುಗಳನ್ನು ಮರಿ ಎನ್ನುತ್ತಿದ್ದರು. ನಕ್ಷೆಯ ಲಕೋಟೆ ಬಂದ ದಿನ ಬಾಗಿಲಲ್ಲೇ ಕೇಳುತ್ತಿದ್ದರು: "ಎರಡೂ ಮರಿ ಬಂದ್ವೇನ್ರಿ?" ಬಂದಿರುತ್ತಿದ್ದವು. ಅವರು ಕಾಸಿದ ಒಂದು ಸ್ಯಾಂಪಲ್ಲೂ ಕೆಟ್ಟಿರಲಿಲ್ಲ. ಅದು ನನ್ನ ಜಾಣತನ ಎಂದೇ ನಾನು ತಿಳಿದಿದ್ದೆ, ಮಾಡುವುದೇನು.

ಕಾಸುವಾಗ ಅವರದೊಂದು ಪದ್ಧತಿಯಿತ್ತು. ಮೀಟರಿನ ಅಂಕಿ ಏರಿದ ಮೇಲೆ ಕಿಟಕಿಯ ಪರದೆಗಳನ್ನೆಲ್ಲ ಎಳೆದು, ದೀಪ ಆರಿಸಿ, ಭಟ್ಟಿಯೊಳಗಿನ ಗಾಜಿನ ನಳಿಗೆಯ ತುದಿಯಿಂದ ಒಳಗೆ ಒಂದೇ ಕಣ್ಣಲ್ಲಿ ಇಣುಕುತ್ತಿದ್ದರು. ಹಾಡಹಗಲಲ್ಲಿ ಲ್ಯಾಬ್ ಕತ್ತಲಾಗುತ್ತಿತ್ತು, ನಾವೆಲ್ಲ ಗೊಣಗುತ್ತಿದ್ದೆವು. "ಒಣ ಮೆಣಸಿನಕಾಯಿ ಬಣ್ಣ ಇರಬೇಕು. ಟೊಮಾಟಿ ಬಣ್ಣ ಬಂತಂದ್ರ ಕೆಟ್ಟಂಗ" ಎನ್ನುತ್ತಾ ಗುಂಡಿಯನ್ನು ಆಚೆ ಈಚೆ ತಿರುಗಿಸುತ್ತಿದ್ದರು. ಮುದುಕರ ಚಟ ಎಂದು ನಾನು ಅದನ್ನು ಗಮನಿಸಲೇ ಇಲ್ಲ. ನನಗೆ ಯಾವಾಗಲೂ ಭಾಲ್ಕಿಯ ಬಸ್ಸಿನ ಚಿಂತೆ. ಗಡಿಯಾರ ನೋಡಿದ್ದು ಕಂಡರೆ ಸಾಕು, ಕಾಕಾ ಎಲ್ಲರಿಗೂ ಕೇಳುವಂತೆ, "ಈ ಅವ್ವ ಭಟ್ಟಿಗೂ ಬಸ್ಸಿನ ಟೈಮ್ ಹೇಳ್ತಾಳ ನೋಡ್ರಿ" ಎಂದು ಕಾಡುತ್ತಿದ್ದರು. ಮಧ್ಯಾಹ್ನ ಮಾತ್ರ ಅವರ ಬುತ್ತಿಯ ಪುಂಡಿಪಲ್ಯದಲ್ಲಿ ಅರ್ಧ ನನ್ನ ರೊಟ್ಟಿಯ ಮೇಲೆ ಬೀಳುತ್ತಿತ್ತು.

ಇನ್ನೊಂದು ಪದ್ಧತಿ ನೀರಿನದು. ತಕ್ಕಡಿಯ ಪಕ್ಕದಲ್ಲಿ ಕೆಂಪು ದಾರ ಕಟ್ಟಿದ ನೀರಿನ ಬಾಟಲಿಯೊಂದನ್ನು ಅವರೇ ದಿನಾ ತುಂಬಿಸಿಡುತ್ತಿದ್ದರು. ಭಟ್ಟಿಯಿಂದ ಬಂದ ಕರಿ ಪುಡಿಯನ್ನು ಆಲ್ಕೊಹಾಲಿನಲ್ಲಿ ಕಲಸಿ ಮಸಿಯಂತೆ ಮಾಡಿ ಹಾಳೆಗೆ ಬಳಿಯಬೇಕು. ಆದರೆ ಒಣ ಪುಡಿಗೆ ನೇರವಾಗಿ ಆಲ್ಕೊಹಾಲ್ ಬಿದ್ದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಪ್ಲಾಟಿನಮ್ಮಿನ ಗುಣವೇ ಅದು. ಆಲ್ಕೊಹಾಲಿಗೆ ಕಾಕಾ ಸ್ಪಿರಿಟ್ ಎನ್ನುತ್ತಿದ್ದರು. "ಒಣಗಿದ್ದಾಗ ಅದಕ್ಕ ಸ್ಪಿರಿಟ್ ತೋರಿಸಬ್ಯಾಡ್ರಿ. ಪೈಲಾ ನೀರು. ಪುಡಿ ಪೂರಾ ತೋಯ್ಲಿ. ಆಮ್ಯಾಲ ಸ್ಪಿರಿಟ್." ಹೊಸಬರು ಬಂದಾಗಲೆಲ್ಲ ಇದನ್ನೇ ಹೇಳುತ್ತಿದ್ದರು. ನನಗಂತೂ ಅದು ಬಸ್ಸಿನ ಹಾರ್ನಿನಷ್ಟು ರೂಢಿಯಾಗಿತ್ತು, ಕಿವಿಗೆ ಬೀಳುತ್ತಲೇ ಇರಲಿಲ್ಲ.

ಆ ದಿನ ಪ್ರಾಜೆಕ್ಟಿನ ಕೆಲಸ ನೋಡಲು ಹೊರಗಿನವರು ಬರುವವರಿದ್ದರು. ಮಧ್ಯಾಹ್ನದೊಳಗೆ ನಾಲ್ಕು ಹಾಳೆ ಬಳಿದಿಡಬೇಕಿತ್ತು. ಕಾಕಾ ಖಾಲಿಯಾದ ಸಿಲಿಂಡರ್ ಬದಲಿಸಲು ಹಿಂದಿನ ಕೋಣೆಗೆ ಹೋಗಿದ್ದರು. ನಾನು ಪುಡಿಯನ್ನು ಬೀಕರಿಗೆ ಹಾಕಿ, ಕೈಗೆ ಸಿಕ್ಕ ದೊಡ್ಡ ಬಾಟಲಿ ಎತ್ತಿ ಸುರಿದೆ. ಅದು ನೀರಲ್ಲ, ಆಲ್ಕೊಹಾಲ್ ಎಂದು ನನಗೆ ಗೊತ್ತಿತ್ತು. ಇಷ್ಟು ಸ್ವಲ್ಪಕ್ಕೆ ಏನಾಗುತ್ತದೆ ಎಂದುಕೊಂಡೆ.

ಬೀಕರಿನಿಂದ ಎದ್ದ ಉರಿ ಬಾಟಲಿಯ ಬಾಯಿಗೆ ಬಂತು. ನಾನು ಬಾಟಲಿ ಬಿಡಲೂ ಇಲ್ಲ, ಇಡಲೂ ಇಲ್ಲ, ಹಿಡಿದುಕೊಂಡೇ ನಿಂತೆ. ಕಾಕಾ ಯಾವಾಗ ಬಂದರೋ ತಿಳಿಯದು. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಸಿಂಕಿಗೆ ಎಸೆಯುವಷ್ಟರಲ್ಲಿ ಉಕ್ಕಿದ ಆಲ್ಕೊಹಾಲ್ ಅವರ ಬಲಗೈ ಮೇಲೆಲ್ಲ ಹರಿದು ಉರಿಯತೊಡಗಿತ್ತು. ಆ ಕೈಯಲ್ಲೇ ಸಿಂಕಿನ ಕೆಳಗಿದ್ದ ಹಸಿ ಗೋಣಿಚೀಲ ಎಳೆದು ಮೇಜಿನ ಬೆಂಕಿಯನ್ನು ಮುಚ್ಚಿದರು, ಆಮೇಲೆ ಕೈಯನ್ನು. ಒಂದು ಸಲವೂ ಕೂಗಲಿಲ್ಲ. ನನಗೆ ಒಂದು ಗುಳ್ಳೆಯೂ ಏಳಲಿಲ್ಲ.

ಮೂರನೆಯ ದಿನ ಸರ್ ತಮ್ಮ ಕೋಣೆಗೆ ಇಬ್ಬರನ್ನೂ ಕರೆದರು. ಕಾಕಾ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು, ಮೊಣಕೈವರೆಗೆ ಪಟ್ಟಿ. ಕುರ್ಚಿ ಇದ್ದರೂ ಬಾಗಿಲ ಬಳಿಯೇ ನಿಂತರು. ಸುರಕ್ಷತೆಯ ನಿಯಮ ಮುರಿದ ವಿದ್ಯಾರ್ಥಿಯನ್ನು ಪ್ರಾಜೆಕ್ಟಿನಿಂದ ತೆಗೆಯಲಾಗುತ್ತದೆ ಎಂದು ನಾವೆಲ್ಲ ಸಹಿ ಹಾಕಿಕೊಟ್ಟಿದ್ದೆವು. ತೆಗೆದರೆ ನನ್ನ ಪಿಎಚ್‌ಡಿ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಓಣಿಯಿಂದ ಅಷ್ಟು ದೂರ ಓದಿದವಳು ನಾನೇ ಮೊದಲು. ಅಪ್ಪ ಭಾಲ್ಕಿಯ ಮಾರ್ಕೆಟ್ಟಿನಲ್ಲಿ ತೊಗರಿ ಹಾಕಲು ಹೋದಾಗ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದ.

"ಆಲ್ಕೊಹಾಲ್ ಹಾಕಿದ್ದು ಯಾರು?" ಸರ್ ಕೇಳಿದರು.

ಕಾಕಾ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿನ ಗಾಜಿನ ಪೇಪರ್‌ವೇಟ್ ನೋಡಿದೆ. ಅದರೊಳಗೆ ಹಸಿರು ಹೂವಿತ್ತು, ಐದು ಎಸಳು.

"ಅಟೆಂಡರ್ ಹಾಕಿದ್ದನೇನಮ್ಮಾ?"

"ನಾನು ನೋಡಲಿಲ್ಲ ಸರ್" ಎಂದೆ.

ಅಷ್ಟೇ ಹೇಳಿದ್ದು. ಅವರು ಹಾಕಿದರು ಎಂದು ನಾನು ಹೇಳಲಿಲ್ಲ ಎಂಬ ಸಮಾಧಾನವನ್ನು ಎಷ್ಟೋ ವರ್ಷ ನೆಕ್ಕುತ್ತಾ ಕೂತಿದ್ದೆ. ಥೂ. ಸರ್ ಕಾಕಾನ ಕಡೆ ತಿರುಗಿ, "ನೀನೇನಂತೀ?" ಎಂದರು. ಕಾಕಾ ಪಟ್ಟಿ ಕಟ್ಟಿದ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತರು. ಅವರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕಡೆಗೆ, "ಸಾಹೇಬ್ರು ಹ್ಯಾಂಗ್ ಬರೀತೀರಿ ಹಂಗ" ಎಂದರು.

ಇಂಗ್ಲಿಷಿನಲ್ಲಿ ಟೈಪಾದ ಒಂದು ಕಾಗದ ಕಂದು ಲಕೋಟೆಯಲ್ಲಿ ಅವರ ಎಡಗೈಗೆ ಬಂತು. ಅಟೆಂಡರನ ನಿರ್ಲಕ್ಷ್ಯದಿಂದ ಬೆಂಕಿ, ಸೇವೆ ಮುಕ್ತಾಯ. ಮೆಟ್ಟಿಲಲ್ಲಿ ನಾನು ಹಿಂದಿನಿಂದ "ಕಾಕಾ" ಎಂದೆ. ಅವರು ತಿರುಗಿದರು. ಅವರಿಗೆ ಸಿಟ್ಟು ಬಂದಿತ್ತು. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಗುರುತಿಸುವುದು ಕಷ್ಟ, ಆದರೆ ನನಗೆ ಗೊತ್ತಾಯಿತು.

"ನಾ ಕಾದೆ, ಮೇಡಮ್ಮೋರ" ಎಂದರು.

ಅದಕ್ಕೆ ಮೊದಲು ಅವರು ನನ್ನನ್ನು ಒಂದು ದಿನವೂ ಮೇಡಮ್ ಎಂದಿರಲಿಲ್ಲ.

ಆಮೇಲೆ ಭಟ್ಟಿಯನ್ನು ನಾನೇ ನಡೆಸಿದೆ. ಅದೇ ಪುಡಿ, ಅದೇ ಗ್ಯಾಸು, ಮೀಟರಿನಲ್ಲಿ ಅದೇ ಅಂಕಿ. ಲಕೋಟೆ ಬಂತು, ಮರಿಗಳು ಬರಲಿಲ್ಲ. ಇನ್ನೊಮ್ಮೆ ಕಾಸಿದೆ, ಬರಲಿಲ್ಲ. ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿದ್ದವು, ಸಾಲು ಎಂಬುದು ಹೆಸರಿಗೂ ಇರಲಿಲ್ಲ. ಹೀಗೆ ಐದು ತಿಂಗಳು. ಸರ್ ಮೊದಲು ಬೈದರು, ಆಮೇಲೆ ನನ್ನ ಹಳೆಯ ಫಲಿತಾಂಶಗಳನ್ನೇ ಅನುಮಾನದಿಂದ ತಿರುವಿ ನೋಡತೊಡಗಿದರು. ಹಳೆಯ ಸ್ಯಾಂಪಲ್ಲುಗಳು ಸುಳ್ಳಲ್ಲ ಎಂದು ತೋರಿಸಿಕೊಡಬಲ್ಲವರು ಒಬ್ಬರೇ ಇದ್ದರು.

ಅವರು ಕೊಳಾರದಲ್ಲಿ ಒಂದು ಗೋದಾಮಿನ ಗೇಟಿಗೆ ವಾಚ್‌ಮನ್ ಆಗಿದ್ದರು. ಭಟ್ಟಿಯ ಕೆಲಸಕ್ಕೆ ಅವರ ಕೈ ನಡೆಯುತ್ತಿರಲಿಲ್ಲ. ಬಲಗೈಯ ಮೂರು ಬೆರಳು ಒಳಕ್ಕೆ ಮಡಚಿ ಅಲ್ಲೇ ಗಟ್ಟಿಯಾಗಿದ್ದವು. ನಾನು ಹೋದಾಗ ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು. ಸ್ಟೂಲಿನಿಂದ ಎದ್ದು ನಿಂತು, "ಬರ್ರಿ ಮೇಡಮ್ಮೋರ" ಎಂದು ಆ ಸ್ಟೂಲನ್ನು ನನಗೆ ಸರಿಸಿದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಮರಿ ಬರುತ್ತಿಲ್ಲ ಎಂದೆ. ಕಾಕಾ ಬೇರೆಯದನ್ನೇ ಕೇಳಿದರು.

"ಒಂದ್ ಮಾತ್ ಕೇಳ್ತೇನಿ. ಖರೇ ಏನದಾ ಅದನ್ನ ಸಾಹೇಬ್ರಿಗಿ ಹೇಳ್ತೀರೇನು?"

"ಹೇಳ್ತೇನಿ ಕಾಕಾ. ಥೀಸಿಸ್ ಒಂದು ಮುಗೀಲಿ. ಮುಗಿದ್ ಮರುದಿನ ಹೇಳ್ತೇನಿ."

ಅವರು ಚಹಾದ ಕಪ್ಪು ಕೆಳಗಿಟ್ಟರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಗೇಟಿನ ಮುಂದಿನ ಧೂಳಿನಲ್ಲಿ ಎಡಗೈ ಬೆರಳಿನಿಂದ ನಳಿಗೆಯ ಚಿತ್ರ ಬರೆದು ತೋರಿಸಿದರು. "ನಿಮ್ಮ ಮೀಟರ್ ಸುಳ್ಳ್ ಹೇಳ್ತದ. ಒಳಗಿನ ತಂತಿ ಹಳೀದಾಗ್ಯಾದ, ಜರಾ ಹೊರಗೂ ಸರದದ. ಅಂಕಿ ಏಳ್ನೂರಂದ್ರೂ ಒಳಗ ಅದಕ್ಕಿಂತ ಭಾಳ ಕಾದಿರ್ತದ. ಅದಕ್ಕೇ ನಾ ದೀಪ ಆರ್ಸಿ ಬಣ್ಣ ನೋಡಿ ಇಳಸ್ತಿದ್ದೆ. ಮೆಣಸಿನಕಾಯಿ ಬಣ್ಣಕ್ಕ ತಂದು, ಸ್ವಲ್ಪ ಸ್ವಲ್ಪ ಇಳಸ್ತ ಹೋಗ್ರಿ. ಒಂದೊಂದ್ ಮೆಟ್ಟಲಿಗೂ ತಡೀರಿ." ಮೆಟ್ಟಿಲುಗಳನ್ನೂ ಬರೆದರು, ಪ್ರತಿಯೊಂದಕ್ಕೆ ಎಷ್ಟು ಹೊತ್ತು ಎಂದು ಅಂಕಿ ಹಾಕಿದರು. ನಾನು ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಎರಡು ವರ್ಷ ಅವರ ಪಕ್ಕದಲ್ಲೇ ನಿಂತಿದ್ದೆ, ಒಮ್ಮೆಯೂ "ಯಾಕ ಇಳಸ್ಲತ್ತೀರಿ ಕಾಕಾ" ಎಂದು ಕೇಳಿರಲಿಲ್ಲ.

ಮರಿಗಳು ಬಂದವು. ಲಕೋಟೆ ಒಡೆದು ನೋಡಿ ನಾನು ಲ್ಯಾಬಿನಲ್ಲಿ ಒಬ್ಬಳೇ ಅತ್ತೆ. ಮೀಟರಿನ ತಂತಿ ಬದಲಾಯಿತು. "ಉಷ್ಣಮಾಪಕದ ದೋಷವನ್ನು ಪತ್ತೆಹಚ್ಚಿ ಸರಿಪಡಿಸಲಾಯಿತು" ಎಂದು ಥೀಸಿಸಿನಲ್ಲಿ ಬರೆದೆ. ಯಾರು ಪತ್ತೆಹಚ್ಚಿದರು ಎಂದು ಬರೆಯಲಿಲ್ಲ. ಕೃತಜ್ಞತೆಯ ಪುಟದಲ್ಲಿ "ಪ್ರಯೋಗಾಲಯದ ಎಲ್ಲ ಸಿಬ್ಬಂದಿಗೆ" ಎಂಬ ಒಂದು ಸಾಲಿದೆ. ಕಾಕಾ ಇದ್ದರೆ ಅದರೊಳಗೇ ಎಲ್ಲೋ ಇರಬೇಕು.

ಥೀಸಿಸ್ ಮುಗಿದ ಮರುದಿನ ಸರ್ ಹೈದರಾಬಾದಿಗೆ ಹೋಗಿದ್ದರು. ಆಮೇಲಿನ ವಾರ ಸಂದರ್ಶನವಿತ್ತು. ಕೆಲಸ ಸಿಕ್ಕ ಮೇಲೆ ಹೇಳುವುದು ಒಳ್ಳೆಯದು ಎನ್ನಿಸಿತು. ಕೆಲಸವೂ ಸಿಕ್ಕಿತು, ಬೀದರಿನಲ್ಲೇ, ಬೇರೊಂದು ಕಾಲೇಜಿನಲ್ಲಿ. ಕಾಯಂ ಆಗಲಿ ಎಂದುಕೊಂಡೆ. ಹೀಗೆ ಮೂರು ವರ್ಷ ಹೋಯಿತು. ಆ ಮೂರು ವರ್ಷ ಕೊಳಾರದ ರಸ್ತೆಯಲ್ಲಿ ಹೋಗಬೇಕಾಗಿ ಬಂದಾಗಲೆಲ್ಲ ಸುತ್ತಿ ಬಳಸಿ ಹೋದೆ. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಮೊದಲ ದಿನವೇ ಕಲಿಸಿದೆ: ಮೊದಲು ನೀರು, ಆಮೇಲೆ ಆಲ್ಕೊಹಾಲ್. ತಕ್ಕಡಿಯ ಪಕ್ಕ ಕೆಂಪು ದಾರದ ಬಾಟಲಿಯೂ ಇದೆ.

ಕಾಕಾ ತೀರಿಕೊಂಡ ಸುದ್ದಿ ಹೇಳಿದವನು ನಮಗೆ ಸಿಲಿಂಡರ್ ತಂದಿಳಿಸುವ ಗಾಡಿಯ ಡ್ರೈವರ್. ಸಿಲಿಂಡರ್ ಉರುಳಿಸುತ್ತಲೇ ಹೇಳಿದ. "ಆ ಹುಬ್ಬಿಲ್ದ ಕಾಕಾ ಹೋದ್ರಲ್ರಿ ಮೇಡಮ್. ದಮ್ಮಿಂದು ತ್ರಾಸಿತ್ತು. ಆಗಲೇ ಹದಿನೈದ್ ದಿನಾತು."

ಮರುದಿನ ರಜೆ ಹಾಕಿ ಔರಾದ ಬಸ್ಸು ಹತ್ತಿದೆ. ಔರಾದಿನಿಂದ ಅವರ ಹಳ್ಳಿಗೆ ಟಂಟಂ ಆಟೊ. ಮನೆಯ ಮುಂದೆ ಕುರಿದಡ್ಡಿ, ಅಂಗಳದಲ್ಲಿ ಅವರ ಹೆಂಡತಿ, ಕಾಕು, ಕಂಬಳಿಯ ಮೇಲೆ ಕೂತಿದ್ದರು. ಸೊಸೆ ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳುವ ಮೊದಲೇ ಕಾಕು ಕೇಳಿದರು.

"ಮೆಹಕರದ ಬಾಯಿ ನೀವೇ ಏನು?"

"ಹೌದ್ರಿ ಕಾಕು."

ಅವರು ಸೊಸೆಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವಳು ಒಳಗೆ ಹೋಗಿ ಟ್ರಂಕಿನಿಂದ ಕಂದು ಲಕೋಟೆ ತಂದಳು. ಮಡಿಕೆಯ ಗುಂಟ ಕಾಗದ ಸವೆದು ಬಟ್ಟೆಯಂತಾಗಿತ್ತು.

"ಪ್ರಾಜೆಕ್ಟ್ ಮುಗೀತು, ಅದಕ್ಕೇ ಬಿಡಿಸ್ಯಾರ ಅಂತಿದ್ರು. ಮತ್ತ ಇದನ್ಯಾಕ ಘಳಿಗಿ ಘಳಿಗಿಗಿ ತಗದ್ ನೋಡ್ತೀರಿ ಅಂದ್ರ ಮಾತಾಡ್ತಿದ್ದಿಲ್ಲ" ಎಂದರು ಕಾಕು. "ನಮಗ ಓದಾಕ ಬರೂದಿಲ್ಲ. ಸೊಸಿಗಿ ಕನ್ನಡ ಬರ್ತದ, ಇದು ಬರೂದಿಲ್ಲ. ಊರಾಗ ಯಾರಿಗೂ ತೋರ್ಸಬ್ಯಾಡ, ಮೆಹಕರದ ಬಾಯಿ ಬರ್ತಾಳ, ಬಂದಾಗ ಆಕಿ ಕೈಲೇ ಓದಸು ಅಂತ ಹೇಳಿ ಹೋಗ್ಯಾರ. ಓದ್ರಿ."

ಓದಿದೆ. ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದೆ. ಅಟೆಂಡರನ ನಿರ್ಲಕ್ಷ್ಯದಿಂದ ಎಂಬುದನ್ನೂ ಬಿಡದೆ ಹೇಳಿದೆ. ಸೊಸೆ ಮೊರ ಕೆಳಗಿಟ್ಟಳು.

"ಅವ್ರ ತಪ್ಪಿಂದ ಬೆಂಕಿ ಹತ್ತಿತ್ತಂತ?" ಕಾಕು ಕೇಳಿದರು. "ಬೆಂಕಿ ಜೋಡಿ ಅಷ್ಟ್ ವರ್ಷ ಬಾಳ್ವಿ ಮಾಡಿದವ್ರು."

"ಅಲ್ರಿ. ಇದ್ರಾಗ ಬರ್ದಿದ್ದು ಸುಳ್ಳು. ಸ್ಪಿರಿಟ್ ಹಾಕಿದ್ದು ನಾನು. ಅವ್ರು ನನ್ ಕೈಯಾಗಿಂದು ಕಸಗೊಂಡು ತಮ್ ಕೈ ಸುಟ್ಕೊಂಡ್ರು. ಸಾಹೇಬ್ರು ಕೇಳ್ದಾಗ ನಾ ನೋಡಿಲ್ಲ ಅಂದೆ."

ಕಾಕು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕುರಿದಡ್ಡಿಯ ಕಡೆ ಮುಖ ತಿರುಗಿಸಿದರು.

"ಆ ಕೈಲೇ ಉಣ್ಣಾಕ ಬರ್ತಿದ್ದಿಲ್ಲ ಅವ್ರಿಗಿ" ಎಂದರು. "ನಾಕ್ ವರ್ಷ ನಾ ತುತ್ತ್ ಮಾಡಿ ಕೊಟ್ಟೇನಿ."

ಆಮೇಲೆ, "ನಿಮ್ಮಲ್ಲಿ ಪೆನ್ ಅದಾ?" ಎಂದು ಕೇಳಿದರು.

"ಅದಾರಿ."

"ಈಗ ಏನಂದ್ರಿ, ಅದನ್ನ ಇದರ ಹಿಂದ ಬರೀರಿ. ಕನ್ನಡದಾಗ ಬರೀರಿ. ನಿಮ್ ಹೆಸ್ರೂ ಹಾಕ್ರಿ."

ಹೊಸ್ತಿಲ ಮೇಲೆ ಕಾಗದವಿಟ್ಟು ಬರೆದೆ. ಒಣ ಪುಡಿಗೆ ಆಲ್ಕೊಹಾಲ್ ಸುರಿದವಳು ನಾನು. ಮೊದಲು ನೀರು ಹಾಕಬೇಕೆಂದು ಕಾಕಾ ನನಗೆ ದಿನಾ ಹೇಳಿದ್ದರು. ನಾನು ನೋಡಲಿಲ್ಲ ಎಂದು ಸರ್ ಮುಂದೆ ಹೇಳಿದ್ದು ಸುಳ್ಳು. ಮೀಟರಿನ ದೋಷ ಕಂಡುಹಿಡಿದವರು ಕಾಕಾ, ನನ್ನ ಡಿಗ್ರಿ ಅದರಿಂದ ಬಂದದ್ದು. ಕೆಳಗೆ ಹೆಸರು, ಊರು, ಸಹಿ. ಆಮೇಲೆ ಇಂಥವೇ ಮಾತುಗಳನ್ನು ಬರೆದು ಹಳೆಯ ಕಾಲೇಜಿನ ಆಫೀಸಿಗೂ ಕೊಟ್ಟಿದ್ದೇನೆ. ಅಲ್ಲಿ ಒಂದು ಸೀಲು ಬಿತ್ತು, ಇಂದಿಗೂ ಯಾರೂ ಒಂದು ಮಾತು ಕೇಳಿಲ್ಲ.

ಕಾಕು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಸೆಗೆ ಕೊಟ್ಟರು. ಅವಳು ಜೋರಾಗಿ, ಒಂದೊಂದೇ ಅಕ್ಷರ ಹಿಡಿದು ಓದಿದಳು. ಬೇಲಿಯ ಆಚೆ ಕುರಿ ಕಾಯುತ್ತಿದ್ದ ಸೊಸೆಯ ಭಾವನೊಬ್ಬ ಹತ್ತಿರ ಬಂದು ನಿಂತು ಕೇಳಿಸಿಕೊಂಡ. ಓದಿ ಮುಗಿದಾಗ ಕಾಕು, "ಇನ್ನೊಮ್ಮಿ ಓದು" ಎಂದರು. ಅವಳು ಇನ್ನೊಮ್ಮೆ ಓದಿದಳು. ನಾನು ಅಂಗಳದಲ್ಲಿ ನಿಂತೇ ಇದ್ದೆ.

ಎರಡನೆಯ ಸಲ ಮುಗಿದ ಮೇಲೆ ಕಾಕು ಕಾಗದವನ್ನು ಹಳೆಯ ಮಡಿಕೆಗೇ ಮಡಚಿ, ಲಕೋಟೆಗೆ ಹಾಕಿ, ಸೆರಗಿನೊಳಗೆ ಇಟ್ಟುಕೊಂಡರು.

"ಬರ್ತಾಳ ಬರ್ತಾಳ ಅಂತ ಕಡೀತನಕ ಅಂದ್ರು ನೋಡ್ರಿ" ಎಂದರು. "ಈಗ ಹೋಗ್ರಿ. ನಿಮ್ಮ ಬಸ್ಸಿನ ಹೊತ್ತಾಗ್ಯಾದ."